ಜತ್ತಿಯವರು ತೆಗೆದುಕೊಂಡ ಒಂದು ದಿನ

ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳಲ್ಲಿ ಬಸಪ್ಪ ದಾನಪ್ಪ ಜತ್ತಿಯವರಿಗೆ ಸಿಗುವುದು ಒಂದೂವರೆ ಸಾಲು. ಮೈಸೂರು ರಾಜ್ಯದ ಮಾಜಿ ಮುಖ್ಯಮಂತ್ರಿ, ದೇಶದ ಐದನೆಯ ಉಪರಾಷ್ಟ್ರಪತಿ, 1977ರಲ್ಲಿ ಐದೂವರೆ ತಿಂಗಳು ಹಂಗಾಮಿ ರಾಷ್ಟ್ರಪತಿ. ರಾಷ್ಟ್ರಪತಿಯ ಅಧಿಕಾರವನ್ನು ಚಲಾಯಿಸಿದ ಕನ್ನಡಿಗರು ಅವರೊಬ್ಬರೇ ಎಂದು ಹೆಮ್ಮೆಯಿಂದ ಹೇಳುವವರು ಬಹಳ. ಆ ಐದೂವರೆ ತಿಂಗಳಲ್ಲಿ ಅವರು ಮಾಡಿದ್ದೇನು ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಬಲ್ಲವರು ಮಾತ್ರ ಒಂದು ಪ್ರಸಂಗವನ್ನು ನೆನೆಯುತ್ತಾರೆ, ಅದೂ ತುಸು ವ್ಯಂಗ್ಯದಿಂದ. ಕೇಂದ್ರ ಸಂಪುಟ ಕಳುಹಿಸಿದ ಕಾಗದಕ್ಕೆ ಸಹಿ ಹಾಕಲು ಒಂದು ದಿನ ತಡಮಾಡಿದ ವ್ಯಕ್ತಿ ಎಂಬುದು ಅವರ ವಿವರಣೆ.

ಜತ್ತಿಯವರ ಸಾರ್ವಜನಿಕ ಜೀವನದಲ್ಲಿ ಅತ್ಯಂತ ತೂಕದ ದಿನ ಅದೇ ಎಂದು ನನ್ನ ಭಾವನೆ. ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳನ್ನು ಕಳೆದವನಿಗೆ ಸಹಿಯ ಬೆಲೆ ಗೊತ್ತಿರುತ್ತದೆ, ಸಹಿಯನ್ನು ತಡೆದಿಡುವುದರ ಬೆಲೆಯೂ ಗೊತ್ತಿರುತ್ತದೆ. ನಿವೃತ್ತಿಯ ಬಳಿಕ ನಾನು ನೆಲೆನಿಂತಿರುವ ಬನಶಂಕರಿಯಲ್ಲಿ, ಬನದ ಹುಣ್ಣಿಮೆಯ ಜಾತ್ರೆಗೆ ಸೇರುವ ಹಿರಿಯರ ಮಾತು ರಾಜಕಾರಣಕ್ಕೆ ಹೊರಳಿದಾಗ ಎರಡು ಹೆಸರುಗಳು ಬರುತ್ತವೆ. ಒಂದು, ನಮ್ಮ ಬಾದಾಮಿ ತಾಲೂಕಿನ ಕೆರೂರಿನಲ್ಲಿ ಹುಟ್ಟಿದ ಎಸ್.ಆರ್. ಕಂಠಿಯವರದು. ಇನ್ನೊಂದು, ಜಮಖಂಡಿ ಸೀಮೆಯ ಸಾವಳಗಿಯ ಜತ್ತಿಯವರದು. ಕಂಠಿಯವರನ್ನು ಪ್ರೀತಿಯಿಂದ ನೆನೆಯುತ್ತಾರೆ, ಜತ್ತಿಯವರನ್ನು ಬೆರಗಿನಿಂದ. ಇಷ್ಟೊಂದು ಹುದ್ದೆಗಳು ಒಬ್ಬ ಮನುಷ್ಯನಿಗೆ ಹೇಗೆ ಒಲಿದವು ಎಂಬ ಬೆರಗು ಅದು. ಅದೃಷ್ಟ ಎಂದುಬಿಡುವುದು ಸುಲಭ. ಆದರೆ ಪುರಸಭೆಯಿಂದ ರಾಷ್ಟ್ರಪತಿ ಭವನದವರೆಗೆ ಭಾರತದ ಆಡಳಿತದ ಒಂದೊಂದು ಮೆಟ್ಟಿಲಲ್ಲೂ ಕುಳಿತೆದ್ದವರು ಈ ದೇಶದಲ್ಲಿ ಬೆರಳೆಣಿಕೆಯಷ್ಟು ಮಂದಿ.

ಜತ್ತಿಯವರು ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು, ಸಾವಳಗಿಯಲ್ಲಿ. ತಂದೆಯದು ಸಣ್ಣ ಕಿರಾಣಿ ವ್ಯಾಪಾರ. ಈಗಿನ ಬಾಗಲಕೋಟೆ ಜಿಲ್ಲೆಯ ಆ ಭಾಗ ಆಗ ಪಟವರ್ಧನ ಮನೆತನದ ಜಮಖಂಡಿ ಸಂಸ್ಥಾನ. ಸುತ್ತಲಿನ ಬಿಜಾಪುರ ಜಿಲ್ಲೆ ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ನೆರೆಯ ಮುಧೋಳ ಘೋರ್ಪಡೆಯವರದು. ಜನರ ಮಾತು ಕನ್ನಡ, ದರಬಾರಿನ ಮಾತು ಮರಾಠಿ. ಒಂದು ದಿನದ ಎತ್ತಿನ ಬಂಡಿಯ ಪ್ರಯಾಣದಲ್ಲಿ ಎರಡು ಮೂರು ಆಡಳಿತಗಳನ್ನು ದಾಟಬೇಕಾಗಿದ್ದ ಪ್ರದೇಶವದು. ಕೊಲ್ಲಾಪುರದ ಸೈಕ್ಸ್ ಕಾನೂನು ಕಾಲೇಜಿನಲ್ಲಿ ಪದವಿ ಪಡೆದ ಜತ್ತಿಯವರು ಜಮಖಂಡಿಯಲ್ಲಿ ವಕೀಲಿ ಆರಂಭಿಸಿದರು. 1940ರಲ್ಲಿ ಅಲ್ಲಿನ ಪುರಸಭೆಯ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ಮುಂದೆ ಸಂಸ್ಥಾನದ ಶಾಸನಸಭೆಗೆ ಆಯ್ಕೆಯಾಗಿ ಮಂತ್ರಿಯಾದರು. 1948ರಲ್ಲಿ ಸಂಸ್ಥಾನದ ದಿವಾನಗಿರಿಯೂ ಅವರ ಪಾಲಿಗೆ ಬಂತು.

ದಿವಾನರಾಗಿ ಅವರು ಮಾಡಿದ ಮುಖ್ಯ ಕೆಲಸವೆಂದರೆ ತಮ್ಮ ಹುದ್ದೆಯನ್ನೇ ಇಲ್ಲವಾಗಿಸಿದ್ದು. 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಸಂಸ್ಥಾನಿಕರೊಂದಿಗೆ ಮನಸ್ತಾಪವಿಲ್ಲದೆ, ಬೀದಿಯ ಗದ್ದಲವಿಲ್ಲದೆ ಈ ಕೆಲಸ ನಡೆಯಿತು. ಹೈದರಾಬಾದಿನ ವಿಲೀನಕ್ಕೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸೈನ್ಯವೇ ಹೋಗಬೇಕಾಯಿತು ಎಂಬುದನ್ನು ನೆನೆದರೆ, ಸಣ್ಣ ಸಂಸ್ಥಾನಗಳ ಈ ಶಾಂತ ವಿಲೀನಗಳಿಗೆ ಇತಿಹಾಸಕಾರರು ಕೊಟ್ಟಿರುವ ಜಾಗ ಕಡಿಮೆಯೇ ಎನಿಸುತ್ತದೆ. ಜತ್ತಿಯವರು ಕರಿ ಕೋಟು ತೊಟ್ಟು ಮತ್ತೆ ನ್ಯಾಯಾಲಯಕ್ಕೆ ಹೋದರು. ಇಪ್ಪತ್ತು ತಿಂಗಳ ವಕೀಲಿಯ ನಂತರ, ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮಕರಣಗೊಂಡರು. ವಾರದೊಳಗೆ ಮುಖ್ಯಮಂತ್ರಿ ಬಿ.ಜಿ. ಖೇರ್ ಅವರ ಸಂಸದೀಯ ಕಾರ್ಯದರ್ಶಿಯಾದರು.

1952ರ ಚುನಾವಣೆಯ ನಂತರ ಮುಂಬಯಿ ಮುಖ್ಯಮಂತ್ರಿಯಾಗಿ ಬಂದವರು ಮೊರಾರ್ಜಿ ದೇಸಾಯಿ. ಜತ್ತಿಯವರು ಅವರ ಸರ್ಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಯಾಗಿ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಕೆಲಸ ಮಾಡಿದರು. ಮೊರಾರ್ಜಿಯವರು ಹಟದ ಆಡಳಿತಗಾರರೆಂದು ಹೆಸರಾದವರು. ಅವರ ಕೈಕೆಳಗೆ ನಾಲ್ಕು ವರ್ಷ ದುಡಿದ ಉಪಮಂತ್ರಿಗೆ ಇಪ್ಪತ್ತು ವರ್ಷಗಳ ಮೇಲೆ ಅದೇ ಮೊರಾರ್ಜಿಯವರಿಗೆ ಪ್ರಧಾನಿಯ ಪ್ರಮಾಣವಚನ ಬೋಧಿಸುವ ಸರದಿ ಬರಲಿತ್ತು.

ಏಕೀಕರಣದ ನಂತರ ಜತ್ತಿಯವರು ಮೈಸೂರು ವಿಧಾನಸಭೆಗೆ ಬಂದರು. ಹೊಸ ರಾಜ್ಯದಲ್ಲಿ ಐದು ಆಡಳಿತಗಳ ಭೂಮಿ ಕೂಡಿಕೊಂಡಿತ್ತು. ಹಳೆ ಮೈಸೂರಿಗೆ ಒಂದು ಗೇಣಿ ಕಾನೂನು, ಮುಂಬಯಿ ಭಾಗಕ್ಕೆ 1948ರ ಕುಳ ಕಾಯಿದೆ, ಹೈದರಾಬಾದ್ ಭಾಗಕ್ಕೆ 1950ರ ಕಾಯಿದೆ, ಮದರಾಸಿನಿಂದ ಬಂದ ಜಿಲ್ಲೆಗಳಿಗೆ ಮತ್ತು ಕೊಡಗಿಗೆ ಬೇರೆಯೇ ನಿಯಮಗಳು. ಇವೆಲ್ಲವನ್ನೂ ಒಂದೇ ಕಾನೂನಿನ ಕೆಳಗೆ ತರುವ ದಾರಿಯನ್ನು ಸೂಚಿಸಲು ರಚನೆಯಾದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. ಅದರ ಆಧಾರದ ಮೇಲೆ, ಅವರು ಮುಖ್ಯಮಂತ್ರಿಯಾಗಿದ್ದಾಗ, ಕಂದಾಯ ಸಚಿವ ಕಡಿದಾಳ್ ಮಂಜಪ್ಪನವರ ದುಡಿಮೆಯಿಂದ 1961ರ ಮೈಸೂರು ಭೂ ಸುಧಾರಣಾ ಕಾಯಿದೆ ರೂಪುಗೊಂಡಿತು.

ಧಾರವಾಡದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಾಗ ಈ ಕಾಯಿದೆಯನ್ನು ನಾವು ಹಗುರವಾಗಿ ಕಾಣುತ್ತಿದ್ದೆವು. ಕುಟುಂಬವೊಂದಕ್ಕೆ 27 ಸ್ಟ್ಯಾಂಡರ್ಡ್ ಎಕರೆಯ ಮಿತಿ, ಸ್ವಂತ ಸಾಗುವಳಿಯ ನೆಪದಲ್ಲಿ ಗೇಣಿದಾರನಿಂದ ಭೂಮಿಯನ್ನು ಮರಳಿ ಪಡೆಯಲು ಮಾಲೀಕನಿಗೆ ಅವಕಾಶ, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ನಡುವೆ ಸಿಕ್ಕ ನಾಲ್ಕು ವರ್ಷಗಳಲ್ಲಿ ಜಾಣ ಮಾಲೀಕರು ಮನೆಯವರ ಹೆಸರಿನಲ್ಲಿ ಹಿಸ್ಸೆ ಮಾಡಿಕೊಳ್ಳುವುದನ್ನು ಯಾರೂ ತಡೆಯುವಂತಿರಲಿಲ್ಲ. ನಿಜವಾಗಿ ಉಳುವವನ ಕೈಗೆ ಭೂಮಿ ಹೋದದ್ದು ದೇವರಾಜ ಅರಸರ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಭೂ ನ್ಯಾಯಮಂಡಳಿಗಳು ಕುಳಿತ ಮೇಲೆ. ಇದರಲ್ಲಿ ಸುಳ್ಳಿಲ್ಲ. ಆದರೆ ಸೇವೆಗೆ ಸೇರಿದ ಮೇಲೆ ಆ ನ್ಯಾಯಮಂಡಳಿಗಳ ಕಡತಗಳನ್ನು ಓದಬೇಕಾಗಿ ಬಂದಾಗ ಇನ್ನೊಂದು ಸಂಗತಿ ಗೋಚರವಾಯಿತು. ನಮೂನೆ 7ರ ಅರ್ಜಿ ಹಾಕಿದ ರೈತ ತಾನು ಲಾವಣಿಗೆ ಮಾಡುತ್ತಿದ್ದೆನೆಂದು ತೋರಿಸಲು ತರುತ್ತಿದ್ದುದು ಹಿಂದಿನ ವರ್ಷಗಳ ಉತಾರವನ್ನು. ಅದರಲ್ಲಿ ಸಾಗುವಳಿದಾರನ ಹೆಸರಿದ್ದರೆ ಅರ್ಧ ಕೆಲಸ ಮುಗಿದಂತೆ. ಗೇಣಿದಾರ ಎಂದರೆ ಯಾರು, ಅವನ ಹಕ್ಕು ಏನು ಎಂಬುದಕ್ಕೆ ಬೀದರಿನಿಂದ ಕೊಡಗಿನವರೆಗೆ ಒಂದೇ ಅರ್ಥ ಕೊಟ್ಟದ್ದು 1961ರ ಕಾಯಿದೆ. ಅರಸರು ಬದಲಿಸಿದ್ದು ಆ ಕಾಯಿದೆಯನ್ನೇ ತಿದ್ದಿ. ಹೊಸದೊಂದನ್ನು ಮೊದಲಿಂದ ಬರೆಯಬೇಕಾಗಿದ್ದರೆ ಎಷ್ಟು ವರ್ಷ ಹಿಡಿಯುತ್ತಿತ್ತೋ.

1958ರ ಮೇ ತಿಂಗಳಲ್ಲಿ ಎಸ್. ನಿಜಲಿಂಗಪ್ಪನವರು ಅಧಿಕಾರದಿಂದ ಇಳಿದಾಗ, ಹಳೆ ಮೈಸೂರಿನ ಹಿರಿಯ ನಾಯಕ ಟಿ. ಸುಬ್ರಹ್ಮಣ್ಯಂ ಅವರ ತೀವ್ರ ಸ್ಪರ್ಧೆಯನ್ನು ಎದುರಿಸಿ ಜತ್ತಿಯವರು ಶಾಸಕಾಂಗ ಪಕ್ಷದ ನಾಯಕರಾದರು. ಸುಮಾರು ನಾಲ್ಕು ವರ್ಷ ರಾಜ್ಯವನ್ನು ಆಳಿದರು. ಗ್ರಾಮ ಪಂಚಾಯಿತಿ ಮತ್ತು ತಾಲೂಕು ಬೋರ್ಡುಗಳ 1959ರ ಕಾಯಿದೆ ಆ ಕಾಲದ್ದು. ಹಿಂದುಳಿದ ವರ್ಗಗಳಿಗಾಗಿ ನಾಗನಗೌಡ ಸಮಿತಿ ನೇಮಕವಾದದ್ದೂ ಆಗಲೇ. ದೊಡ್ಡ ಘೋಷಣೆಗಳ ಮುಖ್ಯಮಂತ್ರಿಯಲ್ಲ ಅವರು. ಪಕ್ಷದ ಬಣಗಳು ಒಪ್ಪಿಕೊಂಡ ಮನುಷ್ಯ ಎಂಬುದೇ ಅವರ ಬಲವಾಗಿತ್ತು, ಅದೇ ಅವರ ಮಿತಿಯೂ ಆಯಿತು. 1962ರ ಚುನಾವಣೆಯಲ್ಲಿ ಜಮಖಂಡಿಯಿಂದ ಗೆದ್ದು ಬಂದರೂ ಕುರ್ಚಿ ಅವರಿಗೆ ಮರಳಿ ಸಿಗಲಿಲ್ಲ.

ಇಲ್ಲಿ ಕಂಠಿಯವರ ವಿಷಯ ಹೇಳದೆ ಮುಂದೆ ಹೋಗಲಾಗದು. ಹೊಸದುರ್ಗದಲ್ಲಿ ಸೋತಿದ್ದ ನಿಜಲಿಂಗಪ್ಪನವರ ಕಡೆಗೇ ಬಹುಮತದ ಒಲವಿತ್ತು. ಅವರು ಶಾಸನಸಭೆಗೆ ಮರಳುವವರೆಗೆ ಕುರ್ಚಿಯನ್ನು ಕಾಯಲು ಒಬ್ಬರು ಬೇಕಿತ್ತು. ಹುನಗುಂದದ ಶಾಸಕರೂ ಅಲ್ಲಿಯವರೆಗೆ ವಿಧಾನಸಭೆಯ ಅಧ್ಯಕ್ಷರೂ ಆಗಿದ್ದ ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಯಾದರು. ಬಾಗಲಕೋಟೆ ಕ್ಷೇತ್ರದ ಉಪಚುನಾವಣೆಯಿಂದ ನಿಜಲಿಂಗಪ್ಪನವರು ಗೆದ್ದು ಬಂದೊಡನೆ, ಜೂನ್ 20ರಂದು, ಒಂದು ಮಾತೂ ಆಡದೆ ಕುರ್ಚಿ ಬಿಟ್ಟುಕೊಟ್ಟರು. ಶಿಕ್ಷಣ ಸಚಿವರಾಗಿ ಅವರ ಸಂಪುಟವನ್ನು ಸೇರಿದರು. ಪಾದುಕೆಯಿಟ್ಟು ರಾಜ್ಯವಾಳಿದ ಭರತನಿಗೆ ಅವರನ್ನು ಹೋಲಿಸುವುದು ನಮ್ಮ ಕಡೆ ರೂಢಿ. ಹೋಲಿಕೆ ಚೆನ್ನಾಗಿದೆ. ಆದರೆ ಅದೇ ಹೊತ್ತಿನಲ್ಲಿ ನಾಲ್ಕು ವರ್ಷ ಮುಖ್ಯಮಂತ್ರಿಯಾಗಿದ್ದ ಜತ್ತಿಯವರೂ ನಿಜಲಿಂಗಪ್ಪನವರ ಕೈಕೆಳಗೆ ಸಾಮಾನ್ಯ ಸಚಿವರಾಗಿ ಕುಳಿತರು ಎಂಬುದನ್ನು ಯಾರೂ ಹೇಳುವುದಿಲ್ಲ. ಬಿಜಾಪುರ ಜಿಲ್ಲೆಯ ಇಬ್ಬರು ಮಾಜಿ ಮುಖ್ಯಮಂತ್ರಿಗಳು ಒಂದೇ ಸಂಪುಟದಲ್ಲಿ ಖಾತೆಗಳನ್ನು ನಿಭಾಯಿಸಿದ ಆ ಕಾಲದ ಶೀಲವನ್ನು ಇಂದಿನ ರೆಸಾರ್ಟ್ ರಾಜಕಾರಣದ ಪಕ್ಕ ಇಟ್ಟು ನೋಡುವ ಕೆಲಸವನ್ನು ಓದುಗರಿಗೇ ಬಿಡುತ್ತೇನೆ. 1964ರಲ್ಲಿ ಜತ್ತಿಯವರು ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದ್ದು ಈ ಅವಧಿಯಲ್ಲೇ.

1968ರಲ್ಲಿ ಅವರು ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್ ಆಗಿ ಹೊರಟರು. ಮರುವರ್ಷವೇ ಕಾಂಗ್ರೆಸ್ ಇಬ್ಭಾಗವಾಯಿತು. ಪಕ್ಷದ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು, ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ಒಂದು ಕಡೆ, ಇಂದಿರಾ ಗಾಂಧಿಯವರು ಇನ್ನೊಂದು ಕಡೆ. ಕಂಠಿಯವರು ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ಸಮುದ್ರತೀರದ ರಾಜನಿವಾಸದಲ್ಲಿದ್ದ ಜತ್ತಿಯವರಿಗೆ ಯಾವ ಬಣವನ್ನೂ ಆರಿಸಬೇಕಾದ ಸಂದರ್ಭ ಬರಲಿಲ್ಲ. ಅವರ ಸಮಕಾಲೀನರಲ್ಲಿ ಅನೇಕರ ರಾಜಕೀಯ ಜೀವನ ಮುಗಿದದ್ದು ಆ ಆಯ್ಕೆಯಿಂದ, ಅವರದು ಮುಂದುವರಿದದ್ದು ಆ ಆಯ್ಕೆಯಿಂದ ದೂರವಿದ್ದುದರಿಂದ. ಅದೃಷ್ಟ ಎಂಬ ಮಾತಿಗೆ ಜಾಗವಿದ್ದರೆ ಇಲ್ಲಿದೆ.

1972ರ ನವೆಂಬರಿನಲ್ಲಿ ಒರಿಸ್ಸಾದ ರಾಜ್ಯಪಾಲರಾದರು. ಅಲ್ಲಿ ಅವರು ಮಾಡಿದ್ದನ್ನು ನಾನು ಒಪ್ಪಲಾರೆ. 1973ರ ಮಾರ್ಚ್ ಆರಂಭದಲ್ಲಿ ಕಾಂಗ್ರೆಸ್ಸಿನ ಶಾಸಕರು ಪಕ್ಷ ತೊರೆದು, ಮುಖ್ಯಮಂತ್ರಿ ನಂದಿನಿ ಸತ್ಪಥಿಯವರು ರಾಜೀನಾಮೆ ಕೊಟ್ಟರು. ವಿರೋಧ ಪಕ್ಷಗಳ ಒಕ್ಕೂಟದ ನಾಯಕ ಬಿಜು ಪಟ್ನಾಯಕರು ತಮಗೆ ಬಹುಮತವಿದೆಯೆಂದು ಹಕ್ಕು ಮಂಡಿಸಿದರು. ರಾಜ್ಯಪಾಲರು ಅವರನ್ನು ಕರೆಯಲಿಲ್ಲ. ವಿಧಾನಸಭೆಯ ವಿಸರ್ಜನೆಗೆ, ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ಎರಡು ಮೂರು ದಿನಗಳಲ್ಲಿ ಎಲ್ಲವೂ ಮುಗಿಯಿತು. ಪಟ್ನಾಯಕರು ಹೈಕೋರ್ಟಿಗೆ ಹೋದರು. ವಿರೋಧ ಪಕ್ಷದ ನಾಯಕನಿಗೆ ಅವಕಾಶ ಕೊಡುವುದು ಸಂಸದೀಯ ಸಂಪ್ರದಾಯ, ಆದರೆ ಸಂಪ್ರದಾಯದ ಪಾಲನೆಗೆ ನ್ಯಾಯಾಲಯ ಒತ್ತಾಯಿಸಲಾಗದು ಎಂಬ ನಿಲುವಿನಲ್ಲಿ ಆ ವ್ಯಾಜ್ಯ ಕೊನೆಗೊಂಡಿತು. ಸದನದಲ್ಲಿ ಬಲಾಬಲ ಪರೀಕ್ಷೆಯಾಗಲಿ ಎಂದು ನಾಲ್ಕು ದಿನ ಕಾದಿದ್ದರೆ ಆಗುತ್ತಿದ್ದ ನಷ್ಟವಾದರೂ ಏನು? ಪಕ್ಷಾಂತರದಿಂದ ಸ್ಥಿರ ಸರ್ಕಾರ ಬಾರದು ಎಂಬ ಸಮರ್ಥನೆ ಆಗ ಕೇಳಿಬಂದಿತ್ತು. ಪಕ್ಷಾಂತರ ದೆಹಲಿಯ ಪಕ್ಷಕ್ಕೆ ಅನುಕೂಲವಾಗಿದ್ದ ರಾಜ್ಯಗಳಲ್ಲಿ ಅದೇ ಸಮರ್ಥನೆ ಕೇಳಿಬರುತ್ತಿರಲಿಲ್ಲ. 1974ರ ಚುನಾವಣೆಯಲ್ಲಿ ಸತ್ಪಥಿಯವರು ಮತ್ತೆ ಅಧಿಕಾರಕ್ಕೆ ಬಂದರು. ಅದೇ ವರ್ಷ ಆಗಸ್ಟಿನಲ್ಲಿ ಜತ್ತಿಯವರು ಉಪರಾಷ್ಟ್ರಪತಿ ಚುನಾವಣೆಗೆ ಕಾಂಗ್ರೆಸ್ಸಿನ ಅಭ್ಯರ್ಥಿಯಾದರು. ಎನ್.ಇ. ಹೋರೋ ಅವರ 141 ಮತಗಳ ಎದುರು 521 ಮತ ಪಡೆದು ಗೆದ್ದರು. ಈ ಎರಡು ಸಂಗತಿಗಳ ನಡುವೆ ಗೆರೆ ಎಳೆದವರು ಆಗಲೂ ಇದ್ದರು.

ರಾಜ್ಯಸಭೆಯ ಸಭಾಪತಿಯಾಗಿ ಅವರು ಕಂಡದ್ದು ತುರ್ತುಪರಿಸ್ಥಿತಿಯ ಕಾಲ. 1975ರ ಜುಲೈಯಲ್ಲಿ ಅದಕ್ಕೆ ಮೇಲ್ಮನೆಯ ಅನುಮೋದನೆ ದೊರೆತಾಗ, 1976ರಲ್ಲಿ 42ನೆಯ ತಿದ್ದುಪಡಿ ಅಂಗೀಕಾರವಾದಾಗ ಸಭಾಪತಿಯ ಪೀಠ ಅವರದೇ. ಸದಸ್ಯರನೇಕರು ಸೆರೆಮನೆಯಲ್ಲಿದ್ದರು. ಸಭಾಪತಿಗೆ ಸಂವಿಧಾನ ಕೊಟ್ಟ ಅಧಿಕಾರ ಅಲ್ಪ ಎಂಬುದು ನಿಜ. ಆದರೂ ಆ ಮೌನವನ್ನು ಅವರ ಅಭಿಮಾನಿಗಳು ಬರೆಯುವ ಜೀವನ ಚಿತ್ರಗಳಲ್ಲಿ ದಾಟಿಸಿಬಿಡುವುದು ಸರಿಯಲ್ಲ.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ನಿಧನರಾದರು. ಚುನಾವಣೆ ಘೋಷಣೆಯಾಗಿತ್ತು. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚಿನಲ್ಲಿ ಫಲಿತಾಂಶ ಬಂದಾಗ ಇಂದಿರಾ ಗಾಂಧಿಯವರೇ ಸೋತಿದ್ದರು. ಮಾರ್ಚ್ 21ರಂದು ತುರ್ತುಪರಿಸ್ಥಿತಿ ರದ್ದಾಯಿತು. 24ರಂದು ಜತ್ತಿಯವರು ತಮ್ಮ ಹಳೆಯ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರಿಗೆ ಪ್ರಧಾನಿಯ ಪ್ರಮಾಣವಚನ ಬೋಧಿಸಿದರು. ಸ್ವಾತಂತ್ರ್ಯಾನಂತರ ಮೊದಲ ಬಾರಿಗೆ ದೆಹಲಿಯ ಅಧಿಕಾರ ಒಂದು ಪಕ್ಷದಿಂದ ಇನ್ನೊಂದಕ್ಕೆ ಸಾಗಿದ ಆ ದಿನಗಳಲ್ಲಿ ರಾಷ್ಟ್ರಪತಿ ಭವನದಿಂದ ಯಾವ ತೊಡಕೂ ಬರಲಿಲ್ಲ. ಅದು ಸಣ್ಣ ಮಾತಲ್ಲ.

ತೊಡಕು ಬಂದದ್ದು ಏಪ್ರಿಲ್‌ನಲ್ಲಿ. ಗೃಹ ಸಚಿವ ಚರಣ್ ಸಿಂಗ್ ಅವರು 18ರಂದು ಒಂಬತ್ತು ಕಾಂಗ್ರೆಸ್ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಜನ ನಿಮ್ಮನ್ನು ಲೋಕಸಭೆಯಲ್ಲಿ ತಿರಸ್ಕರಿಸಿದ್ದಾರೆ, ವಿಧಾನಸಭೆಯ ವಿಸರ್ಜನೆಗೆ ನೀವೇ ಸಲಹೆ ನೀಡಿ ಹೊಸದಾಗಿ ಜನಾದೇಶ ಪಡೆಯಿರಿ ಎಂಬುದು ಅದರ ತಾತ್ಪರ್ಯ. ವಾದದಲ್ಲಿ ಸತ್ವವಿತ್ತು. ಉತ್ತರ ಪ್ರದೇಶ, ಬಿಹಾರ, ಪಂಜಾಬ್, ಹರಿಯಾಣಗಳಲ್ಲಿ ಕಾಂಗ್ರೆಸ್ಸಿಗೆ ಲೋಕಸಭೆಯ ಒಂದು ಸ್ಥಾನವೂ ಸಿಕ್ಕಿರಲಿಲ್ಲ. ಒಂಬತ್ತರಲ್ಲಿ ಏಳು ವಿಧಾನಸಭೆಗಳು 1972ರಲ್ಲಿ ಆಯ್ಕೆಯಾದವು. ಐದು ವರ್ಷ ಮುಗಿದರೂ 42ನೆಯ ತಿದ್ದುಪಡಿ ನೀಡಿದ ಆರನೆಯ ವರ್ಷದ ಮೇಲೆ ಅವು ಉಸಿರಾಡುತ್ತಿದ್ದವು. ಎದುರಿನ ವಾದದಲ್ಲೂ ಸತ್ವವಿತ್ತು. ಲೋಕಸಭೆಗೆ ಮತ ಹಾಕಿದವನು ರಾಜ್ಯ ಸರ್ಕಾರದ ಬಗ್ಗೆ ತೀರ್ಪು ಕೊಟ್ಟಿಲ್ಲ. ಬಹುಮತವಿರುವ ಸರ್ಕಾರವನ್ನು 356ನೆಯ ವಿಧಿಯಡಿ ತೆಗೆಯುವುದಾದರೆ ರಾಜ್ಯಗಳಿಗೆ ಉಳಿಯುವುದೇನು? ಆಗಸ್ಟ್ ಒಳಗೆ ನಡೆಯಬೇಕಿದ್ದ ರಾಷ್ಟ್ರಪತಿ ಚುನಾವಣೆಯಲ್ಲಿ ವಿಧಾನಸಭೆಗಳ ಸದಸ್ಯರೇ ಮತದಾರರು ಎಂಬ ಲೆಕ್ಕಾಚಾರ ಜನತಾ ನಾಯಕರಿಗೆ ಇರಲಿಲ್ಲವೆಂದು ನಂಬುವುದು ಕಷ್ಟ. ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಏಳರ ಸಾಲಿಗೆ ಸೇರದ ಎರಡು ವಿಧಾನಸಭೆಗಳಲ್ಲಿ ಒಂದು ಒರಿಸ್ಸಾದ್ದು. ಜತ್ತಿಯವರ ಶಿಫಾರಸಿನಿಂದ ಬಂದ ರಾಷ್ಟ್ರಪತಿ ಆಳ್ವಿಕೆಯ ಬಳಿಕ 1974ರಲ್ಲಿ ಆಯ್ಕೆಯಾದ ಸದನ ಅದು.

ಆರು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಏಳು ನ್ಯಾಯಮೂರ್ತಿಗಳ ಪೀಠ ಅವುಗಳ ದಾವೆಯನ್ನು ವಜಾ ಮಾಡಿತು. ಕಾರಣಗಳನ್ನು ಬಳಿಕ ಕೊಡುವುದಾಗಿ ತಿಳಿಸಿತು, ಅವು ಬಂದದ್ದು ಮೇ 6ರಂದು. ಸಂಪುಟದ ಸಲಹೆ ರಾಷ್ಟ್ರಪತಿ ಭವನಕ್ಕೆ ಹೋಯಿತು. ಜತ್ತಿಯವರು ಸಹಿ ಮಾಡಲಿಲ್ಲ.

ಕಾನೂನು ಅವರ ಪರವಾಗಿರಲಿಲ್ಲ. ಸಂಪುಟದ ಸಲಹೆಯಂತೆ ರಾಷ್ಟ್ರಪತಿ ನಡೆಯತಕ್ಕದ್ದು ಎಂದು 42ನೆಯ ತಿದ್ದುಪಡಿ ಕೆಲವೇ ತಿಂಗಳ ಹಿಂದೆ ಸ್ಪಷ್ಟವಾಗಿ ಬರೆದಿತ್ತು. ಅದನ್ನು ಅಂಗೀಕರಿಸಿದ ರಾಜ್ಯಸಭೆಯ ಸಭಾಪತಿ ಅವರೇ. ಮರುಪರಿಶೀಲನೆಗೆ ಕಳುಹಿಸುವ ಅವಕಾಶವೂ ಅದರಲ್ಲಿ ಇರಲಿಲ್ಲ. ಪತ್ರಿಕೆಗಳು ಗುಡುಗಿದವು. ಹಳೆಯ ಒಡತಿಯ ಋಣ ತೀರಿಸುತ್ತಿದ್ದಾರೆಂಬ ಆರೋಪ ಬಂತು. ಮೊರಾರ್ಜಿಯವರು ಸಂವಿಧಾನದ ಕಟ್ಟುಪಾಡನ್ನು ನೆನಪಿಸಿ ಪತ್ರ ಬರೆದರು. ಸಂಪುಟದ ರಾಜೀನಾಮೆಯ ಮಾತೂ ಎದ್ದಿತು. ಏಪ್ರಿಲ್ 30ರಂದು ಜತ್ತಿಯವರು ಸಹಿ ಹಾಕಿದರು. ಒಂಬತ್ತು ವಿಧಾನಸಭೆಗಳು ವಿಸರ್ಜನೆಯಾದವು.

ಈ ಒಂದು ದಿನವನ್ನು ಎರಡು ಬಗೆಯಲ್ಲಿ ನೋಡುತ್ತಾರೆ. ಪಕ್ಷನಿಷ್ಠೆಯ ಕೊನೆಯ ತುಣುಕು ಎಂದು ಕೆಲವರು, ಸಂವಿಧಾನ ರಕ್ಷಕನ ಧೈರ್ಯ ಎಂದು ಇನ್ನು ಕೆಲವರು. ಎರಡೂ ಅತಿಯಾಯಿತು. ಆಡಳಿತದಲ್ಲಿದ್ದವರಿಗೆ ಮೂರನೆಯ ವಿವರಣೆ ಹೊಳೆಯುತ್ತದೆ. ಮೇಲಿನವರು ತೀರ್ಮಾನಿಸಿ ಕಳುಹಿಸಿದ, ನಿರಾಕರಿಸಲು ನಮಗೆ ಅಧಿಕಾರವಿಲ್ಲದ ಕಡತವನ್ನು ಒಂದು ರಾತ್ರಿ ಮೇಜಿನ ಮೇಲೆ ಇಟ್ಟುಕೊಳ್ಳುವುದುಂಟು. ಅಷ್ಟರಿಂದ ಕಡತ ಬದಲಾಗದು. ಆದರೆ ಸಂಗತಿ ಹಗುರವಾದುದಲ್ಲ, ಕಾರಣವನ್ನು ಇನ್ನೊಮ್ಮೆ ಬರೆದು ಕಳುಹಿಸಿ ಎಂಬ ಸಂದೇಶ ಮುಟ್ಟುತ್ತದೆ. ಪ್ರಧಾನಿ ಲಿಖಿತವಾಗಿ ಹೊಣೆ ಹೊತ್ತ ಮೇಲೆ ಸಹಿ ಬಿತ್ತು. ಮುಖ್ಯಮಂತ್ರಿಯಾಗಿ ದೆಹಲಿಯ ಕಡೆ ನೋಡಿದವರು, ರಾಜ್ಯಪಾಲರಾಗಿ ದೆಹಲಿಯ ಪರವಾಗಿ ರಾಜ್ಯವನ್ನು ನೋಡಿದವರು ಆ ಕುರ್ಚಿಯಲ್ಲಿದ್ದರು. 1973ರಲ್ಲಿ ಒಂದು ವಿಧಾನಸಭೆಗೆ ಅವರು ಕೊಡದ ಸಮಯವನ್ನು 1977ರಲ್ಲಿ ಒಂಬತ್ತು ವಿಧಾನಸಭೆಗಳಿಗೆ ಕೊಟ್ಟರು. ಎರಡು ಬಾರಿಯೂ ಲಾಭ ಕಾಂಗ್ರೆಸ್ಸಿನದೇ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಆದರೂ ಆ ದಿನ ಎದ್ದ ಪ್ರಶ್ನೆ ಪಕ್ಷಕ್ಕಿಂತ ದೊಡ್ಡದಾಗಿತ್ತು ಎಂಬುದನ್ನು ನಂತರದ ಘಟನೆಗಳು ತೋರಿಸಿದವು.

1977ರ ಡಿಸೆಂಬರ್ 31ರಂದು ಕರ್ನಾಟಕದ ದೇವರಾಜ ಅರಸರ ಸರ್ಕಾರವನ್ನೇ ಕೇಂದ್ರ ವಜಾ ಮಾಡಿತು. ಲೋಕಸಭೆಯ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ ಗೆದ್ದಿದ್ದ ಈ ರಾಜ್ಯಕ್ಕೆ ಜನ ತಿರಸ್ಕರಿಸಿದ್ದಾರೆಂಬ ವಾದ ಹೊಂದುವಂತಿರಲಿಲ್ಲ. 1978ರ ಫೆಬ್ರವರಿಯಲ್ಲಿ ಅರಸರು ಮತ್ತೆ ಗೆದ್ದು ಬಂದರು. 1980ರ ಫೆಬ್ರವರಿಯಲ್ಲಿ ಇಂದಿರಾ ಗಾಂಧಿಯವರು ಜನತಾ ಪಕ್ಷದ್ದೇ ತರ್ಕವನ್ನು ಎತ್ತಿಕೊಂಡು ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿದರು. ಅಷ್ಟರಲ್ಲಿ ಜನತಾ ಸರ್ಕಾರವೇ ತಂದಿದ್ದ 44ನೆಯ ತಿದ್ದುಪಡಿ, ಸಂಪುಟದ ಸಲಹೆಯನ್ನು ಒಂದು ಬಾರಿ ಮರುಪರಿಶೀಲನೆಗೆ ಹಿಂದಿರುಗಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತ್ತು. 1997ರಲ್ಲಿ ಉತ್ತರ ಪ್ರದೇಶದ ವಿಷಯದಲ್ಲಿ, 1998ರಲ್ಲಿ ಬಿಹಾರದ ವಿಷಯದಲ್ಲಿ ಕೆ.ಆರ್. ನಾರಾಯಣನ್ ಅವರು ಈ ಅಧಿಕಾರವನ್ನು ಬಳಸಿ ರಾಷ್ಟ್ರಪತಿ ಆಳ್ವಿಕೆಯ ಶಿಫಾರಸನ್ನು ಹಿಂದಿರುಗಿಸಿದರು. ದೇಶ ಮೆಚ್ಚಿತು. ನಿಯಮವಿಲ್ಲದ ಕಾಲದಲ್ಲಿ ಅಂಥದೇ ಬಿಡುವು ತೆಗೆದುಕೊಂಡವರಿಗೆ ಮಾತ್ರ ಬೈಗುಳ ಸಿಕ್ಕಿತ್ತು. ಇವೆರಡರ ನಡುವೆ, 1994ರಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 356ನೆಯ ವಿಧಿಗೆ ಲಗಾಮು ಹಾಕಿತು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕೆಂದಿತು. ಆ ಮೊಕದ್ದಮೆ ನಮ್ಮ ಎಸ್.ಆರ್. ಬೊಮ್ಮಾಯಿಯವರ ಹೆಸರಿನದು. 1973ರಲ್ಲಿ ಭುವನೇಶ್ವರದಲ್ಲಿ ಆಗಬೇಕಿದ್ದದ್ದೂ ಅದೇ.

ಹೋಲಿಕೆಗೆ ಜರ್ಮನಿಯನ್ನು ನೋಡಬಹುದು. ಅಲ್ಲಿಯೂ ರಾಜ್ಯದಿಂದ ಒಕ್ಕೂಟಕ್ಕೆ ಏರುವುದು ರಾಜಕಾರಣಿಗಳ ಹೆದ್ದಾರಿ. ಜತ್ತಿಯವರು ಮುಖ್ಯಮಂತ್ರಿಯಾದ 1958ರಲ್ಲೇ ಕುರ್ಟ್ ಗಿಯೋರ್ಗ್ ಕೀಸಿಂಗರ್ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಮುಖ್ಯಸ್ಥರಾದರು, 1966ರಲ್ಲಿ ಒಕ್ಕೂಟದ ಚಾನ್ಸಲರ್ ಆದರು. ಬರ್ಲಿನ್ ಮೇಯರ್ ಆಗಿದ್ದ ವಿಲ್ಲಿ ಬ್ರಾಂಟ್, ರೈನ್‌ಲ್ಯಾಂಡಿನ ಹೆಲ್ಮುಟ್ ಕೋಲ್ ಏರಿದ್ದೂ ಇದೇ ದಾರಿಯಲ್ಲಿ. ಆದರೆ ಅಲ್ಲಿನ ಮೇಲ್ಮನೆಯಲ್ಲಿ ಕೂರುವವರು ರಾಜ್ಯ ಸರ್ಕಾರಗಳ ಪ್ರತಿನಿಧಿಗಳೇ. ಮಾತು ಕೇಳದ ರಾಜ್ಯದ ಮೇಲೆ ಒಕ್ಕೂಟ ಬಲ ಪ್ರಯೋಗಿಸಬೇಕಾದರೆ ಆ ಮನೆಯ ಒಪ್ಪಿಗೆ ಬೇಕು. ಅಂಥ ವಿಧಿ 1949ರಿಂದ ಒಮ್ಮೆಯೂ ಬಳಕೆಯಾಗಿಲ್ಲ. ನಮ್ಮಲ್ಲಿ 356ನೆಯ ವಿಧಿ ನೂರಕ್ಕೂ ಹೆಚ್ಚು ಬಾರಿ ಬಳಕೆಯಾಗಿದೆ. ನಮ್ಮ ರಾಜ್ಯಸಭೆಯ ಸಭಾಪತಿಯಾಗಿದ್ದ ಜತ್ತಿಯವರ ಮುಂದೆ ಒಂಬತ್ತು ರಾಜ್ಯಗಳ ಅಳಿವು ಉಳಿವಿನ ಕಾಗದ ಬಂದಾಗ, ಆ ಸಭೆಯನ್ನು ಯಾರೂ ಮೊದಲು ಕೇಳಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾಗಿ ಅಧಿಕಾರ ಸ್ವೀಕರಿಸಿದರು. ಜತ್ತಿಯವರು ರಾಜ್ಯಸಭೆಯ ಪೀಠಕ್ಕೆ ಹಿಂದಿರುಗಿ 1979ರ ಆಗಸ್ಟ್‌ವರೆಗೆ ಉಪರಾಷ್ಟ್ರಪತಿಯಾಗಿ ಮುಂದುವರಿದರು. ಆ ಮೇಲೆ ದೊಡ್ಡ ಹುದ್ದೆ ಯಾವುದೂ ಬರಲಿಲ್ಲ. ಬೆಂಗಳೂರಿಗೆ ಮರಳಿ ಬಸವ ಸಮಿತಿಯ ಕೆಲಸದಲ್ಲಿ, ವಚನಗಳ ಪ್ರಕಟಣೆಯಲ್ಲಿ ತೊಡಗಿಕೊಂಡರು. ವಚನಗಳನ್ನು ಭಾರತದ ಹಲವು ಭಾಷೆಗಳಿಗೆ ಅನುವಾದಿಸುವ ದೊಡ್ಡ ಯೋಜನೆಯನ್ನು ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಆ ಸಮಿತಿ ಕೈಗೆತ್ತಿಕೊಂಡದ್ದನ್ನು ನೋಡಲು ಅವರಿರಲಿಲ್ಲ. 2002ರ ಜೂನ್ 7ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡಾಗ ವಯಸ್ಸು 89. ಅವರು ಹುಟ್ಟಿದ ಸಾವಳಗಿ ಅಷ್ಟರಲ್ಲಿ ಸಂಸ್ಥಾನ, ಮುಂಬಯಿ ರಾಜ್ಯ, ಮೈಸೂರು ರಾಜ್ಯ, ಕರ್ನಾಟಕ ಎಂಬ ಹೆಸರುಗಳನ್ನೆಲ್ಲ ದಾಟಿ, 1997ರಿಂದ ಬಾಗಲಕೋಟೆ ಎಂಬ ಹೊಸ ಜಿಲ್ಲೆಗೆ ಸೇರಿತ್ತು.